ಗಡಿಗೆಯ ತಳದ ಕೆಸರು: ಅಶ್ಮರೀ ರೋಗದ ಇತಿಹಾಸ

ಬೇಸಗೆ ಕಾಲಿಟ್ಟೊಡನೆ ಹೊಸ ಮಣ್ಣಿನ ಗಡಿಗೆಯೊಂದನ್ನು ತಂದು ಅಡಿಗೆಮನೆಯ ಮೂಲೆಯಲ್ಲಿಡುವುದು ಬೆಳಗಾವಿಯ ಕಡೆಯ ಹಳೆಯ ವಾಡಿಕೆ. ನಗರದ ದಕ್ಷಿಣಭಾಗದ ಹಿಂದವಾಡಿಯಿಂದ ಹೊರಟು ಖಾನಾಪುರವನ್ನು ಸೇರಿದರೆ ಆ ಗಡಿಗೆಯ ತೌರೂರಿಗೇ ಬಂದಂತಾಗುವುದು. ಖಾನಾಪುರದ ಜೇಡಿಮಣ್ಣೂ ಹಂಚೂ ಕುಂಬಾರಿಕೆಯೂ ಸುತ್ತಲ ನಾಡಿನಲ್ಲೆಲ್ಲ ಹೆಸರಾದವು. ಈ ಗಡಿಗೆಗೆ ನಾವು ಎಷ್ಟೇ ತಿಳಿಯಾದ ನೀರನ್ನು ತುಂಬಲಿ, ಕೆಲವು ದಿನಗಳ ತರುವಾಯ ಅದನ್ನು ಬೋರಲು ಮಾಡಿ ತೊಳೆಯುವಾಗ ತಳದಲ್ಲಿ ತೆಳುವಾದ ಕೆಸರಿನ ಪದರವೊಂದು ಕೈಗೆ ಹತ್ತುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ನಮ್ಮ ದೇಶದ ಪ್ರಾಚೀನ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯರಾದ ಸುಶ್ರುತಾಚಾರ್ಯರೂ ಇದನ್ನು ಬಲ್ಲವರಾಗಿದ್ದರು. ಮನುಷ್ಯನ ಮೂತ್ರಮಾರ್ಗದಲ್ಲಿ ಕಲ್ಲು ಹುಟ್ಟುವ ಬಗೆಯನ್ನು ಶಿಷ್ಯರಿಗೆ ವಿವರಿಸಬೇಕಾದಾಗ ಅವರು ಎತ್ತಿಕೊಂಡ ದೃಷ್ಟಾಂತವು ಇದೇ: ಹೊಸ ಗಡಿಗೆಯೊಳಗಿನ ಸ್ವಚ್ಛವಾದ ನೀರಿನಲ್ಲಿಯೂ ಕಾಲಕ್ರಮದಲ್ಲಿ ಕೆಸರು ಕೂಡುವಂತೆ ಅಶ್ಮರಿಯು ಹುಟ್ಟುತ್ತದೆ.

ಅಶ್ಮರಿಯೆಂದರೆ ಕಲ್ಲಿನ ರೋಗ. ಜನರು ಇದನ್ನು ಹರಳು ಎನ್ನುವರು. ಬೆಳಗಾವಿಯು ಎರಡು ಭಾಷೆಗಳ ಸಂಗಮಸ್ಥಾನವಾದ ಕಾರಣ ಅಲ್ಲಿಯ ಬೀದಿಗಳಲ್ಲಿ ಮರಾಠಿಯ ಮುತಖಡಾ ಎಂಬ ಮಾತೂ ಕೇಳಿಬರುವುದು. ಹೆಸರು ಯಾವುದಾದರೂ ನೋವು ಒಂದೇ. ನಡುರಾತ್ರಿಯಲ್ಲಿ ಪಕ್ಕೆಯಿಂದೆದ್ದು ತೊಡೆಯ ಸಂದಿಯವರೆಗೆ ಹರಿಯುವ ಆ ಶೂಲೆಯನ್ನು ಒಮ್ಮೆ ಅನುಭವಿಸಿದವರು ಆಯುಷ್ಯದಲ್ಲಿ ಮರೆಯಲಾರರು.

ಈ ರೋಗದ ಇತಿಹಾಸವೆಂದರೆ ಕತ್ತಿ ಚಿಮ್ಮಟಗಳ ಇತಿಹಾಸವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ. ಉಳಿದರ್ಧವು ಮನುಷ್ಯನ ಊಟ, ನೀರು, ನಿದ್ರೆ, ದುಡಿಮೆಗಳ ಇತಿಹಾಸ. ಕಾಲ ಬದಲಾದಂತೆ ಕಲ್ಲು ತಾನು ಹುಟ್ಟುವ ಸ್ಥಾನವನ್ನೂ ತಾನು ಹಿಡಿಯುವ ಜನರನ್ನೂ ಬದಲಿಸಿಕೊಂಡಿದೆ. ಆ ಬದಲಾವಣೆಗೆ ಕಾರಣವಾದುದು ನಮ್ಮ ಬಾಳುವೆಯ ರೀತಿ. ಈ ಮಾತನ್ನು ಶ್ರೋತೃಗಳ ಮುಂದೆ ಸ್ವಲ್ಪ ವಿಸ್ತಾರವಾಗಿ ನಿವೇದಿಸಬೇಕೆಂಬುದೇ ನನ್ನ ಉದ್ದೇಶ.

ಸುಶ್ರುತ ಸಂಹಿತೆಯ ನಿದಾನಸ್ಥಾನದ ಮೂರನೆಯ ಅಧ್ಯಾಯವು ಅಶ್ಮರಿಗೆ ಮೀಸಲಾದುದು. ಕಫದಿಂದ, ಪಿತ್ತದಿಂದ, ವಾತದಿಂದ, ಶುಕ್ರದಿಂದ ಎಂದು ಅಲ್ಲಿ ನಾಲ್ಕು ಬಗೆಯ ಕಲ್ಲುಗಳನ್ನು ಹೇಳಿದೆ. ಆದರೆ ಈ ವಿಂಗಡಣೆಗಿಂತಲೂ ಇಂದಿನವರನ್ನು ಬೆರಗುಗೊಳಿಸುವುದು ಕಾರಣಗಳ ಪಟ್ಟಿ. ಹಗಲುನಿದ್ರೆ, ಪಥ್ಯಾಪಥ್ಯಗಳನ್ನು ಬೆರಸಿ ತಿನ್ನುವುದು, ಮೊದಲಿನ ಊಟ ಅರಗುವ ಮುನ್ನವೇ ಮತ್ತೆ ಉಣ್ಣುವುದು, ತಂಪಾದ, ಜಿಡ್ಡಿನ, ಜಡವಾದ, ಸಿಹಿಯಾದ ಆಹಾರದಲ್ಲಿ ಆಸಕ್ತಿ—ಇವುಗಳಿಂದ ಕಲ್ಲು ಹುಟ್ಟುವುದೆಂದೂ, ಇವು ಮಕ್ಕಳಿಗೆ ಪ್ರಿಯವಾದುದರಿಂದ ಅವರಲ್ಲಿ ರೋಗವು ಹೆಚ್ಚೆಂದೂ ಆಚಾರ್ಯರು ಹೇಳುತ್ತಾರೆ. ದೈವಕೋಪವನ್ನಾಗಲಿ ಗ್ರಹಚಾರವನ್ನಾಗಲಿ ಅವರು ಇಲ್ಲಿ ಮುಂದೆಮಾಡಲಿಲ್ಲ. ರೋಗಿಯ ದಿನಚರಿಯ ಕಡೆಗೇ ಬೆರಳು ತೋರಿಸಿದರು.

ಅವರ ಶಸ್ತ್ರಕ್ರಿಯೆಯ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ಮೂತ್ರಕೋಶದ ಕೆಳಗೆ, ಸೀವನಿಯ ಎಡಕ್ಕೆ ಜವೆಗಾಳಿನಷ್ಟು ದೂರ ಬಿಟ್ಟು ಛೇದಿಸಿ ಕಲ್ಲನ್ನು ಇಡಿಯಾಗಿ ಹೊರತೆಗೆಯಬೇಕು. ಚೂರೊಂದು ಉಳಿದರೂ ಅದು ಮತ್ತೆ ಬೆಳೆಯುವುದು. ಈ ಕ್ರಿಯೆಯನ್ನು ಕೈಕೊಳ್ಳುವ ಮುನ್ನ ಒಡೆಯನ ಅಪ್ಪಣೆಯನ್ನು ಪಡೆಯಬೇಕೆಂಬ ವಿಧಿಯೂ ಉಂಟು. ಮಾಡದಿದ್ದರೆ ಮರಣ ನಿಶ್ಚಯ, ಮಾಡಿದರೆ ಬದುಕು ಸಂಶಯ ಎಂಬ ಸ್ಥಿತಿಯಲ್ಲಿ ವೈದ್ಯನು ತನ್ನ ಕೈಯ ಮಿತಿಯನ್ನು ಅರಿತು ನಡೆಯಬೇಕೆಂಬುದು ಅದರ ತಾತ್ಪರ್ಯ. ಗ್ರೀಸ್ ದೇಶದಲ್ಲಿ ಹಿಪಾಕ್ರಟೀಸನ ಹೆಸರಿನ ಪ್ರತಿಜ್ಞೆಯಲ್ಲಿಯೂ ಇಂತಹದೇ ಎಚ್ಚರವಿದೆ: ಕಲ್ಲಿಗಾಗಿ ಕತ್ತಿಯನ್ನು ಹಿಡಿಯೆನು, ಆ ಕೆಲಸವನ್ನು ಅದನ್ನೇ ಬಲ್ಲವರಿಗೆ ಬಿಡುವೆನು ಎಂದು ವೈದ್ಯನು ಅಲ್ಲಿ ಒಪ್ಪಿಕೊಳ್ಳುವನು.

ಕನ್ನಡನಾಡೂ ವೈದ್ಯವಿದ್ಯೆಯಲ್ಲಿ ಹಿಂದುಳಿದುದಲ್ಲ. ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿ ಔಷಧಕ್ಕೆ ಮಾಂಸವು ಬೇಕಿಲ್ಲವೆಂದು ವಾದಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ಬರೆದು ವೈದ್ಯವನ್ನು ಕನ್ನಡಕ್ಕೆ ತಂದನು. ಆಹಾರವೇ ಮೊದಲನೆಯ ಔಷಧವೆಂಬ ಈ ಪರಂಪರೆಯು ಗ್ರಂಥಗಳಿಂದ ಅಡಿಗೆಮನೆಗೂ ಇಳಿದಿದೆ. ಹುರುಳಿಯು ಅಶ್ಮರಿಗೆ ಹಿತವೆಂದು ಸುಶ್ರುತರು ಹೇಳಿದ ಮಾತನ್ನು ಓದದ ಅಜ್ಜಿಯೂ ಹರಳಿನ ನೋವೆಂದೊಡನೆ ಹುರುಳಿಯ ಕಟ್ಟನ್ನು ಕಾಯಿಸುವಳು, ಬಾಳೆಯ ದಿಂಡನ್ನು ಹೆಚ್ಚುವಳು, ನೆಗ್ಗಿಲಿನ ಕಷಾಯವನ್ನು ಕುಡಿಸುವಳು. 1948ರವರೆಗೆ ಸಾಂಗಲಿ ಸಂಸ್ಥಾನದ ಆಡಳಿತದಲ್ಲಿದ್ದ ಶಹಾಪುರವು ಹಿಂದವಾಡಿಗೆ ಬಹು ಹತ್ತಿರ. 1933ರಲ್ಲಿ ಆರಂಭವಾದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯವು ಇಂದು ಅಲ್ಲಿ ಈ ಶಾಸ್ತ್ರವನ್ನು ಬೋಧಿಸುತ್ತಿದೆ. ಇತ್ತ ಪಾಶ್ಚಾತ್ಯ ವೈದ್ಯವನ್ನು ಕಲಿಸುವ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿ ಇದೇ ನಗರದಲ್ಲಿ ಸ್ಥಾಪಿತವಾಯಿತು. ಹೀಗೆ ಕಲ್ಲಿನ ರೋಗಿಗೆ ಎರಡು ಬಾಗಿಲುಗಳೂ ಇಲ್ಲಿ ತೆರೆದಿವೆ.

ಹೊರಗಿನ ಜಗತ್ತಿನಲ್ಲಿ ಈ ರೋಗ ಎಷ್ಟು ಹಳೆಯದು? 1901ರಲ್ಲಿ ಈಜಿಪ್ಟ್ ದೇಶದ ಎಲ್ ಅಮ್ರಾ ಎಂಬಲ್ಲಿಯ ಪುರಾತನ ಸಮಾಧಿಯೊಂದರಲ್ಲಿ ಹದಿನಾರು ವರ್ಷದ ಹುಡುಗನ ಅವಶೇಷಗಳ ನಡುವೆ ಮೂತ್ರಕೋಶದ ಕಲ್ಲೊಂದು ದೊರೆಯಿತು. ಅದು ಸುಮಾರು ಏಳು ಸಾವಿರ ವರ್ಷಗಳಷ್ಟು ಹಳೆಯದೆಂದು ಎಣಿಸಿದರು. ಅಷ್ಟು ಕಾಲ ನೆಲದೊಳಗೆ ಸುರಕ್ಷಿತವಾಗಿದ್ದ ಆ ಕಲ್ಲು 1941ರಲ್ಲಿ ಲಂಡನ್ ನಗರದ ಮೇಲೆ ಬಿದ್ದ ಬಾಂಬುಗಳಿಗೆ ತುತ್ತಾಯಿತು. ಆಂಗ್ಲ ದಿನಚರಿಕಾರ ಸ್ಯಾಮ್ಯುಅಲ್ ಪೀಪ್ಸನು 1658ರ ಮಾರ್ಚ್ 26ರಂದು, ಅರಿವಳಿಕೆಯ ಹೆಸರೂ ಇಲ್ಲದ ಆ ದಿನಗಳಲ್ಲಿ, ಕಲ್ಲನ್ನು ಕೊಯ್ಯಿಸಿಕೊಂಡು ಬದುಕಿ ಉಳಿದನು. ಆ ಕಲ್ಲನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು, ಆ ದಿನವನ್ನು ಹಬ್ಬದಂತೆ ಆಚರಿಸತೊಡಗಿದನು.

ಕಲ್ಲು ಯಾವ ದ್ರವ್ಯದಿಂದಾದುದೆಂಬ ಪ್ರಶ್ನೆಗೆ ಉತ್ತರ ಕೊಟ್ಟುದು ರಸಾಯನಶಾಸ್ತ್ರ. 1776ರಲ್ಲಿ ಸ್ವೀಡನ್ ದೇಶದ ಷೀಲೆಯು ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡುಹಿಡಿದನು. 1797ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ನನು ಕಲ್ಲುಗಳೆಲ್ಲವೂ ಒಂದೇ ವಸ್ತುವಲ್ಲವೆಂದು ವಿಶ್ಲೇಷಿಸಿ ತೋರಿಸಿದನು. ಇಂದು ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಸುಣ್ಣಾಂಶವೂ ಆಕ್ಸಲಿಕ್ ಆಮ್ಲವೂ ಕೂಡಿದ ಕ್ಯಾಲ್ಸಿಯಂ ಆಕ್ಸಲೇಟಿನವು. ಕೆಲವು ಯೂರಿಕ್ ಆಮ್ಲದವು. ಇನ್ನು ಕೆಲವು ಸೋಂಕಿನಿಂದಲೋ ಅಪರೂಪವಾದ ವಂಶದೋಷದಿಂದಲೋ ಆಗುವಂತಹವು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಜಾಬು, ಸಿಂಧು, ಗುಜರಾತು ಮೊದಲಾದ ವಾಯವ್ಯ ಪ್ರಾಂತಗಳಲ್ಲಿ ಮೂತ್ರಕೋಶದ ಕಲ್ಲು ಎಷ್ಟು ವಿಪರೀತವಾಗಿತ್ತೆಂದರೆ ವೈದ್ಯರು ಆ ಪ್ರದೇಶವನ್ನು ಕಲ್ಲಿನ ಪಟ್ಟೆಯೆಂದೇ ಕರೆದರು. ರೋಗಿಗಳಲ್ಲಿ ಬಹುಮಂದಿ ಬಡವರ ಮನೆಯ ಗಂಡುಮಕ್ಕಳು. ಇಂದೂರು ಸಂಸ್ಥಾನದ ರೆಸಿಡೆನ್ಸಿಯಲ್ಲಿ ಶಸ್ತ್ರವೈದ್ಯನಾಗಿದ್ದ ಕೀಗನ್ ಎಂಬವನು 1880ರ ದಶಕದಲ್ಲಿ ಎಳೆಯ ಬಾಲಕರಲ್ಲಿಯೂ ಕೊಯ್ಯದೆಯೇ ಕಲ್ಲನ್ನು ಒಳಗೆ ಪುಡಿಮಾಡಿ ತೆಗೆಯಬಹುದೆಂದು ಸಾಧಿಸಿ ತೋರಿಸಿ ಪ್ರಸಿದ್ಧನಾದನು. ಆದರೆ ಈ ಮಕ್ಕಳಿಗೆ ಕಲ್ಲು ಏಕೆ ಬರುವುದು? ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನಾಲಯವನ್ನು ನಡೆಸುತ್ತಿದ್ದ ರಾಬರ್ಟ್ ಮೆಕ್ಯಾರಿಸನ್ನನು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಇಲಿಗಳಿಗೆ ಬರಿಯ ಧಾನ್ಯದ ಹಿಟ್ಟನ್ನು ತಿನ್ನಿಸಿದರೆ ಅವುಗಳಲ್ಲಿ ಕಲ್ಲು ಹುಟ್ಟುವುದೆಂದೂ, ಅದೇ ಆಹಾರಕ್ಕೆ ಸಾಕಷ್ಟು ಹಾಲನ್ನು ಕೂಡಿಸಿದರೆ ಕಲ್ಲು ತಪ್ಪುವುದೆಂದೂ ಅವನು ಕಂಡನು. 1931ರಲ್ಲಿ ತನ್ನ ಸಂಶೋಧನೆಗಳನ್ನು ವೈದ್ಯಲೋಕದ ಮುಂದಿಟ್ಟನು. ಒಂದೇ ಧಾನ್ಯದ ಬಡ ಊಟ, ಹಾಲಿನ ಅಭಾವ—ಮಕ್ಕಳ ಕಲ್ಲಿಗೆ ಮೂಲವು ಬಡತನವೆಂದು ಹೀಗೆ ಗೊತ್ತಾಯಿತು.

ಇಲ್ಲಿಂದ ಮುಂದೆ ಇತಿಹಾಸವು ವಿಚಿತ್ರವಾದ ತಿರುವನ್ನು ಪಡೆಯುವುದು. ಯುರೋಪಿನಲ್ಲಿ ಮೊದಲು, ನಮ್ಮಲ್ಲಿ ತರುವಾಯ, ಊಟವು ಸುಧಾರಿಸಿದಂತೆ ಮಕ್ಕಳ ಮೂತ್ರಕೋಶದ ಕಲ್ಲು ಕಡಿಮೆಯಾಗುತ್ತ ಬಂದಿತು. ಆದರೆ ಕಲ್ಲು ಮನುಷ್ಯನನ್ನು ಬಿಟ್ಟು ಹೋಗಲಿಲ್ಲ. ಅದು ಕೋಶದಿಂದ ಪಿಂಡಕ್ಕೆ ಏರಿತು; ಮಗುವನ್ನು ಬಿಟ್ಟು ತಂದೆಯನ್ನು ಹಿಡಿಯಿತು; ಬಡವನ ಗುಡಿಸಲಿನಿಂದ ಉಳ್ಳವನ ಊಟದ ಮನೆಗೆ ಬಂದಿತು. ಅಭಾವದ ರೋಗವಾಗಿದ್ದುದು ಅತಿಭೋಗದ ರೋಗವೂ ಆಯಿತು. ಸುಶ್ರುತರು ಹೇಳಿದ ಸಿಹಿ, ಜಿಡ್ಡು, ಹಗಲುನಿದ್ರೆ, ಉಂಡದ್ದರ ಮೇಲೆ ಊಟ—ಈ ಪಟ್ಟಿಯನ್ನು ಹಿಂದವಾಡಿಯಂತಹ ಇಂದಿನ ಬಡಾವಣೆಯೊಂದರ ನಡುವಯಸ್ಸಿನ ಗೃಹಸ್ಥರೊಬ್ಬರ ಮುಂದೆ ಓದಿದರೆ ತಮ್ಮ ದಿನಚರಿಯನ್ನೇ ಯಾರೋ ಬರೆದಿಟ್ಟಿರುವರೆಂದು ಅವರು ಗಾಬರಿಗೊಳ್ಳಬಹುದು.

ಕಲ್ಲನ್ನು ತೆಗೆಯುವ ವಿದ್ಯೆ ಈಗ ಅತ್ಯಂತ ಮುಂದುವರಿದಿದೆ. 1976ರಲ್ಲಿ ಬೆನ್ನಿನ ಸಣ್ಣ ರಂಧ್ರದಿಂದ ಕಲ್ಲನ್ನು ತೆಗೆಯುವ ಕ್ರಮವು ಸ್ವೀಡನ್ನಿನಿಂದ ಪ್ರಕಟವಾಯಿತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ದೇಹವನ್ನು ಕೊಯ್ಯದೆ ಹೊರಗಿನಿಂದಲೇ ಆಘಾತದ ಅಲೆಗಳಿಂದ ಕಲ್ಲನ್ನು ಒಡೆದರು. ಆದರೂ, ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಅದು ಮರಳುವುದೆಂದು ವೈದ್ಯರು ಹೇಳುತ್ತಾರೆ. ಗಡಿಗೆಯನ್ನು ತೊಳೆದುದಾಯಿತು, ತುಂಬುವ ಕ್ರಮವನ್ನು ತಿದ್ದದಿದ್ದರೆ ಕೆಸರು ಮತ್ತೆ ಕೂಡದೆ ಇರುವುದೇ?

ತಿದ್ದಬೇಕಾದವುಗಳಲ್ಲಿ ಮೊದಲನೆಯದು ನೀರು. ಮೂತ್ರದಲ್ಲಿ ಕರಗಿರುವ ಲವಣಗಳು ನೀರು ಕಡಿಮೆಯಾದಾಗ ಹರಳುಗಟ್ಟುವುವು. ಪಾಕವು ಗಟ್ಟಿಯಾದಾಗ ಸಕ್ಕರೆ ಹರಳಾಗುವಂತೆಯೇ ಇದು. ಇಟಲಿಯ ಬೋರ್ಗಿ ಮತ್ತು ಅವರ ಸಂಗಡಿಗರು ಮೊದಲ ಬಾರಿ ಕಲ್ಲಾದ 199 ಜನರನ್ನು ಐದು ವರ್ಷ ಪರೀಕ್ಷಿಸಿ 1996ರಲ್ಲಿ ಫಲವನ್ನು ಪ್ರಕಟಿಸಿದರು. ದಿನಕ್ಕೆ ಎರಡು ಲೀಟರಿಗೆ ಕಡಿಮೆಯಾಗದಂತೆ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಕಲ್ಲು ಮರಳಿದುದು ನೂರಕ್ಕೆ 12 ಮಂದಿಗೆ. ವಾಡಿಕೆಯಂತೆ ನಡೆದವರಲ್ಲಿ ನೂರಕ್ಕೆ 27 ಮಂದಿಗೆ. ಇಷ್ಟು ಅಗ್ಗವಾದ ಔಷಧವು ಬೇರೊಂದಿಲ್ಲ. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು ಮಳೆಗಾಲ ಚಳಿಗಾಲಗಳಲ್ಲಿ ತಂಪಾದ ಊರು. ಬಾಯಾರಿಕೆಯನ್ನು ನಂಬಿಕೊಂಡು ಕುಳಿತರೆ ಅಲ್ಲಿ ನೀರು ಸಾಲದೆ ಹೋಗುವುದು. ಮೂತ್ರವು ತಿಳಿಹಳದಿಯಾಗಿ ಇಳಿಯುವಷ್ಟು ನೀರು ಬೇಕೆಂಬುದೇ ಸುಲಭವಾದ ಅಳತೆ. ಹೃದಯದ ಅಥವಾ ಮೂತ್ರಪಿಂಡದ ದೌರ್ಬಲ್ಯವಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಅಳತೆಯನ್ನು ಹೆಚ್ಚಿಸಬೇಕು.

ಎರಡನೆಯದು ದೇಹದ ಭಾರ. ಅಮೆರಿಕದಲ್ಲಿ ಎರಡು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕ ಸ್ತ್ರೀಪುರುಷರನ್ನು ಕುರಿತು 2005ರಲ್ಲಿ ಪ್ರಕಟವಾದ ಪರಿಶೀಲನೆಯು, ತೂಕವೂ ಸೊಂಟದ ಸುತ್ತಳತೆಯೂ ಹೆಚ್ಚಿದಂತೆ ಕಲ್ಲಿನ ಅಪಾಯವೂ ಹೆಚ್ಚುವುದೆಂದು ತೋರಿಸಿತು. ಮಧುಮೇಹದ ಪೂರ್ವಸ್ಥಿತಿಯಲ್ಲಿ ಇನ್ಸುಲಿನ್ನಿನ ಅಂಕೆಗೆ ದೇಹವು ಸರಿಯಾಗಿ ಒಗ್ಗದಾಗ ಮೂತ್ರವು ಹುಳಿಯಾಗುವುದು. ಹುಳಿಯಾದ ಮೂತ್ರದಲ್ಲಿ ಯೂರಿಕ್ ಆಮ್ಲವು ಕರಗದೆ ಕಲ್ಲಾಗುವುದು. ಮಧುಮೇಹ, ರಕ್ತದ ಒತ್ತಡ, ಬೊಜ್ಜು, ಕಲ್ಲು ಇವು ಒಂದೇ ಮನೆಯ ದಾಯಾದಿಗಳು. ಬೆಳಗಾವಿಯ ಕುಂದಾ ಜಗತ್ಪ್ರಸಿದ್ಧ. ಹಬ್ಬದ ದಿನ ಅದನ್ನು ಸವಿಯಬಾರದೆನ್ನುವಷ್ಟು ನಿಷ್ಠುರನು ನಾನಲ್ಲ. ಸೀಸೆಯಲ್ಲಿ ಬರುವ ಸಿಹಿ ಪಾನೀಯವು ಬಾಯಾರಿಕೆಗೆ ನೀರಿನ ಸ್ಥಾನವನ್ನು ಆಕ್ರಮಿಸಿರುವುದೇ ಚಿಂತೆಗೆ ಕಾರಣ; ಅದು ಕಲ್ಲನ್ನು ತಡೆಯದೆ ಬೆಳೆಸುವುದೆಂದು ಗೊತ್ತಾಗಿದೆ.

ಮೂರನೆಯದು ಉಪ್ಪು. ಉಪ್ಪು ಹೆಚ್ಚಾದಷ್ಟೂ ಮೂತ್ರಪಿಂಡವು ಸುಣ್ಣಾಂಶವನ್ನೂ ಅದರೊಡನೆ ಹೊರಕ್ಕೆ ಬಿಡುವುದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳ ನಮ್ಮ ಊಟದಲ್ಲಿ ಅದು ಸುಲಭವಾಗಿ ಮೀರುವುದು. ಮಿತಿಮೀರಿದ ಮಾಂಸಾಹಾರವೂ ಮೂತ್ರವನ್ನು ಹುಳಿಗೊಳಿಸಿ, ಕಲ್ಲನ್ನು ತಡೆಯುವ ಸಿಟ್ರೇಟೆಂಬ ದ್ರವ್ಯವನ್ನು ಕುಗ್ಗಿಸುವುದು. ನಿಂಬೆಯ ಹಣ್ಣು ಆ ದ್ರವ್ಯವನ್ನು ಒದಗಿಸುವುದಾದ್ದರಿಂದ, ಉಪ್ಪು ಸಕ್ಕರೆಗಳನ್ನು ಸುರಿಯದ ನಿಂಬೆಯ ನೀರು ಒಳ್ಳೆಯದು.

ಇಲ್ಲಿ ಬಹುಜನರು ಬೀಳುವ ತಪ್ಪೊಂದನ್ನು ಹೇಳಲೇಬೇಕು. ಕಲ್ಲಿನಲ್ಲಿ ಸುಣ್ಣಾಂಶವಿದೆಯೆಂದು ಕೇಳಿದೊಡನೆ ಹಾಲು ಮೊಸರುಗಳನ್ನು ಬಿಡುವವರು ಅನೇಕರು. ವೈದ್ಯರೂ ಬಹುಕಾಲ ಹಾಗೆಯೇ ಹೇಳುತ್ತಿದ್ದರು. 1993ರಲ್ಲಿ 45,619 ಗಂಡಸರ ಆಹಾರವನ್ನು ಪರಿಶೀಲಿಸಿದ ಅಮೆರಿಕದ ಕರ್ಹನ್ ಮೊದಲಾದವರು ಇದಕ್ಕೆ ವಿರುದ್ಧವಾದುದನ್ನು ಕಂಡರು: ಆಹಾರದಲ್ಲಿ ಸುಣ್ಣಾಂಶ ಹೆಚ್ಚಾಗಿದ್ದವರಿಗೇ ಕಲ್ಲು ಕಡಿಮೆ. 2002ರಲ್ಲಿ ಬೋರ್ಗಿಯವರು 120 ರೋಗಿಗಳಲ್ಲಿ ಎರಡು ಪಥ್ಯಗಳನ್ನು ಹೋಲಿಸಿ, ಹಾಲನ್ನು ಬಿಡಿಸುವ ಪಥ್ಯಕ್ಕಿಂತ ಹಾಲನ್ನು ಉಳಿಸಿ ಉಪ್ಪು ಮಾಂಸಗಳನ್ನು ಇಳಿಸುವ ಪಥ್ಯವೇ ಮೇಲೆಂದು ಸ್ಥಾಪಿಸಿದರು. ಊಟದಲ್ಲಿಯ ಸುಣ್ಣಾಂಶವು ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದು ಮಲದೊಡನೆ ಹೊರಹಾಕುವುದು. ಹಾಲು ಮೊಸರು ತಪ್ಪಿದರೆ ಆ ಆಕ್ಸಲೇಟು ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುವುದು. ಆದುದರಿಂದ ಪಾಲಕದ ಸೊಪ್ಪನ್ನು ಮಿತವಾಗಿ, ಮೊಸರಿನೊಡನೆ ತಿನ್ನುವುದು ಜಾಣತನ. ಮೆಕ್ಯಾರಿಸನ್ನನ ಇಲಿಗಳನ್ನು ಕಾಪಾಡಿದುದೂ ಹಾಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಎಲ್ಲ ಕಲ್ಲೂ ಭೋಗದ ಫಲವೆಂದರೆ ಅನ್ಯಾಯವಾದೀತು. ಉದ್ಯಮಬಾಗಿನ ಎರಕದ ಕಾರ್ಖಾನೆಗಳಲ್ಲಿ ಕುಲುಮೆಯ ಮುಂದೆ ನಿಲ್ಲುವವನ ನೀರೆಲ್ಲ ಬೆವರಾಗಿ ಹೋಗುವುದು. ಶಹಾಪುರ ವಡಗಾವಿಗಳ ಮಗ್ಗದ ಕೆಲಸಗಾರನಿಗೆ ನೂಲು ಹರಿಯದಿರುವ ಚಿಂತೆಯಲ್ಲಿ ತಂಬಿಗೆಯ ನೆನಪು ಬಾರದು. ಖಾನಾಪುರದ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸು, ಶೌಚಾಲಯವಿಲ್ಲದ ಶಾಲೆಯ ಹುಡುಗಿ, ದಿನವೆಲ್ಲ ಬಸ್ಸಿನಲ್ಲಿ ನಿಂತಿರುವ ಕಂಡಕ್ಟರು, ಇವರು ನೀರನ್ನು ಮರೆತವರಲ್ಲ. ಮರೆಯಲ್ಲಿ ಹೋಗಲು ಸ್ಥಳವಿಲ್ಲದೆ ಬೇಕೆಂದೇ ಕುಡಿಯದವರು. ಇವರಿಗೆ ನೀರು ಕುಡಿಯಿರೆಂದು ಉಪದೇಶಿಸಿದರೆ ಸಾಲದು. ಕುಡಿಯುವ ನೀರನ್ನೂ ಶುಚಿಯಾದ ಶೌಚಾಲಯವನ್ನೂ ಒದಗಿಸುವುದು ಯಜಮಾನರ, ಪೌರರ, ಸರ್ಕಾರದ ಕರ್ತವ್ಯ.

ಮನೆಮದ್ದಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹುರುಳಿಯ ಕಟ್ಟನ್ನೂ ಬಾಳೆದಿಂಡಿನ ರಸವನ್ನೂ ನಾನು ಹಳಿಯುವವನಲ್ಲ. ಸಣ್ಣ ಕಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಇಳಿಯುವುವು. ಆದರೆ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಿರಿ. ಅವರಿಗೆ ಶೂಲೆ ಬಂದಿತು, ಕಷಾಯ ಕುಡಿದರು, ನೋವು ನಿಂತಿತು. ಕಲ್ಲು ಹೋಯಿತೆಂದು ಅವರು ನಿಶ್ಚಿಂತರಾದರು. ನೋವು ನಿಲ್ಲುವುದಕ್ಕೂ ಕಲ್ಲು ಹೊರಬೀಳುವುದಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಸದ್ದಿಲ್ಲದೆ ಮೂತ್ರವನ್ನು ತಡೆದರೆ ಮೇಲಿನ ಪಿಂಡವು ಉಬ್ಬಿ, ತಿಂಗಳುಗಳಲ್ಲಿ ತನ್ನ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು. ಆದ ಕಾರಣ ನೋವು ನಿಂತ ಮೇಲೂ ಒಮ್ಮೆ ಪರೀಕ್ಷೆ ಮಾಡಿಸಬೇಕು. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ವಾಂತಿ ತಡೆಯದಿದ್ದರೆ, ಅಥವಾ ರೋಗಿಗೆ ಒಂದೇ ಮೂತ್ರಪಿಂಡವಿದ್ದರೆ, ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ತೋರಿಸಿದರೆ ಅದು ಯಾವ ಜಾತಿಯದೆಂದು ತಿಳಿದು, ಮುಂದಿನ ಪಥ್ಯವು ಗೊತ್ತಾಗುವುದು.

1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆಯಿತು. ದೇಶದ ಮೂಲೆಮೂಲೆಗಳಿಂದ ಬರುವ ಅತಿಥಿಗಳಿಗೆ ನೀರಿನ ಕೊರತೆಯಾಗಬಾರದೆಂದು ಅಲ್ಲಿಯವರು ಟಿಳಕವಾಡಿಯಲ್ಲಿ ದೊಡ್ಡ ಬಾವಿಯೊಂದನ್ನು ತೋಡಿಸಿದರು. ಹಿಂದವಾಡಿಗೆ ಕೂಗಳತೆಯಲ್ಲಿರುವ ಆ ಬಾವಿಯು ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಬರುವವರಿಗೆ ನೀರನ್ನು ಸಿದ್ಧಪಡಿಸುವುದು ಆತಿಥ್ಯದ ಮೊದಲನೆಯ ಧರ್ಮವೆಂದು ಅಂದಿನವರು ಅರಿತಿದ್ದರು. ಮನೆಗೆ ಬಂದವರಿಗೆ ಮೊದಲು ನೀರು ಕೊಡುವ ನಾವು ನಮ್ಮ ದೇಹಕ್ಕೂ, ನಮ್ಮಲ್ಲಿ ದುಡಿಯುವವರಿಗೂ ಅಷ್ಟೇ ಆದರವನ್ನು ತೋರಿದರೆ, ಸುಶ್ರುತರ ಗಡಿಗೆಯ ತಳದಲ್ಲಿ ಕೆಸರು ಕೂಡುವುದು ಬಹುಮಟ್ಟಿಗೆ ತಪ್ಪೀತು.